ಇಬ್ಬರ ಎಂಜಿನ್

ಮಂಗಳೂರಿನ ಗಾಳಿಯನ್ನು ತಲೆಗಿಷ್ಟು ಎಂದು ಹಂಚಿದ ಮೇಲೆ ಸ್ಕೂಟರಿಗೂ ಮನೆಮಂದಿಯ ಲೆಕ್ಕದಲ್ಲೇ ಎಂಜಿನ್: ಇಬ್ಬರಿದ್ದರೆ ದೊಡ್ಡದು, ಒಬ್ಬರಿದ್ದರೆ ಅದರ ಅರ್ಧ. ಅಕ್ಷತಾಳ ಗಂಡ ಸಂದೇಶನ ಉತ್ತರಕ್ರಿಯೆ ಮುಗಿದ ಮಾರನೆಯ ಬೆಳಿಗ್ಗೆ, ಒಬ್ಬರ ಎಂಜಿನ್ ಹಿಡಿದುಕೊಂಡು ಮೆಕ್ಯಾನಿಕ್ ಲ್ಯಾನ್ಸಿ ಬಂದ.

"ಇಷ್ಟು ಸಣ್ಣದು ಕದ್ರಿ ಗುಡ್ಡೆ ಹತ್ತುತ್ತದಾ?" ಅಕ್ಷತಾ ಕೇಳಿದಳು.

"ಎಂಜಿನ್ ಅರ್ಧ ಆದ್ರೆ ಭಾರವೂ ಅರ್ಧ ಅಲ್ವಾ ಮೇಡಂ," ಎಂದವನು ನಾಲಗೆ ಕಚ್ಚಿಕೊಂಡ. "ಹಳೇದ್ರಲ್ಲಿ ಒಂದು ರೌಂಡ್ ಹೋಗಿ ಬನ್ನಿ. ಆಮೇಲೆ ಬಿಚ್ಚುವ."

ಸಂದೇಶ ಹಿಂದೆ ಕೂತಿದ್ದಾಗ ಗುಡ್ಡೆಯ ತಿರುವಿನಲ್ಲಿ ಸ್ಕೂಟರ್ ಏದುಸಿರು ಬಿಡುತ್ತಿತ್ತು. "ಇಳಿದು ದೂಡ್ಬೇಕಾ ಮಾರಾಯ್ತಿ?" ಎಂದು ಅವನು ಅವಳ ಕಿವಿಯ ಬಳಿ ನಗುತ್ತಿದ್ದ. ಆ ಏದುಸಿರಿನ ಸದ್ದನ್ನು ಇನ್ನೊಮ್ಮೆ ಕೇಳಬೇಕೆಂದೇ ಅವಳು ಹೊರಟಳು. ಒಬ್ಬಳನ್ನೇ ಹೊತ್ತ ದೊಡ್ಡ ಎಂಜಿನ್ ಏರನ್ನು ಲೆಕ್ಕಕ್ಕೇ ಇಡದೆ ಸುಮ್ಮನೆ ಹಾರಿಹೋಯಿತು. ಎಲ್ಲೂ ಏದುಸಿರಿಲ್ಲ.

ಮರಳಿ ಬಂದು, "ಬಿಚ್ಚಿ," ಎಂದಳು.

ಸಂಜೆ ಸಣ್ಣ ಎಂಜಿನ್ನಿನಲ್ಲಿ ಮತ್ತೆ ಗುಡ್ಡೆ ಹತ್ತಿದಳು. ತಿರುವಿಗೆ ಬರುತ್ತಲೇ ಸ್ಕೂಟರ್ ಮೊದಲಿನಂತೆಯೇ ಏದುಸಿರು ಬಿಡತೊಡಗಿತು.

"ಬೇಡ ಮಾರಾಯ, ಕೂತ್ಕೋ," ಎಂದಳು ಅಕ್ಷತಾ, ಹಿಂದೆ ತಿರುಗದೆ.