ಒಂದೇ ಮನಸ್ಸು ಕಟ್ಟಿದ ಮನೆ

"ಸಾಹೇಬನ ಮುಂದ ಬಾಯಿ ಬಿಟ್ಟಿ ಅಂದ್ರ ನಿನ್ನ ಕರಣಿ ಕಸಗೊಂಡು ಬಾವ್ಯಾಗ ಒಗೀತೀನಿ," ಎಂದಳು ಮಲ್ಲಿಕಮ್ಮ. ಹತ್ತು ನಿಮಿಷ ಬಿಟ್ಟು ಬಂದ ಶಾಂತಾದೇವಿ ಅದೇ ಎಚ್ಚರಿಕೆ ಕೊಟ್ಟಳು. ಗಾರೆ ಮೆತ್ತುವ ಕರಣಿಯ ಜೊತೆ ಕರೀಮನನ್ನೂ ಬಾವಿಗೆ ಸೇರಿಸಿದಳು. ಎಪ್ಪತ್ತು ದಾಟಿದ ಗೌಂಡಿ ಅಬ್ದುಲ್ ಕರೀಮ ಇಬ್ಬರಿಗೂ "ಆತ್ರೀ ಅಕ್ಕಾರ" ಎಂದ.

ಸಿಟ್ಟಿನ ಕಾರಣ ಕಣ್ಣೆದುರೇ ಇತ್ತು. ಸುರಪುರದ ಹೊರಗೆ, ಶಹಾಪುರದ ರಸ್ತೆಗೆ ಮುಖ ಮಾಡಿದ ಇಂಗ್ಲಿಷ್ ದೊರೆಯೊಬ್ಬ ಕಟ್ಟಿಸಿದ ದೊರೆಮನೆಯ ಆರು ಕಂಬಗಳಿಗೂ ಕೆಂಪು ಗೀಟು ಬಿದ್ದಿತ್ತು. ರಸ್ತೆ ಅಗಲವಾಗಬೇಕು, ಮನೆಯ ಮುಂಭಾಗ ಎಂಟು ಅಡಿ ಹೋಗಬೇಕು. ಸೋಮವಾರ ಜೆಸಿಬಿ. ಉಳಿಯಲು ಒಂದೇ ದಾರಿ: ಆ ಮುಂಭಾಗ ಇಂಗ್ಲಿಷರ ಕಾಲದ್ದೆಂದು ಪರಂಪರೆ ಸಮಿತಿಯ ತಜ್ಞರು ಬರೆದುಕೊಡಬೇಕು.

ತಜ್ಞ ಸಂಜೀವಕುಮಾರ ಬಂದಾಗ ವಾರಗಿತ್ತಿಯರಿಬ್ಬರೂ ಕಟ್ಟೆಯ ಮೇಲಿದ್ದರು. ಹಿರಿಯಳಾದ ಮಲ್ಲಿಕಮ್ಮ ಎಡಗಡೆಯ ಕಂಬಕ್ಕೆ, ಕಿರಿಯಳಾದ ಶಾಂತಾದೇವಿ ಬಲಗಡೆಯ ಕಂಬಕ್ಕೆ ಒರಗಿ. ಗಂಡಂದಿರು ಹೊಲಕ್ಕೆ ಹೋಗಿದ್ದರು. ಮನೆಯಲ್ಲಿ ಸಿಟ್ಟು ಕುದಿಯುವ ದಿನ ಹೊಲದ ಬಿಸಿಲೇ ತಂಪು ಎಂದು ಬಲ್ಲವರು.

ನಡುವಿನ ದೊಡ್ಡ ಬಾಗಿಲಿಗೆ ಎರಡು ಬೀಗ. ಕರೀಮ ಒಂದು ಕೀಲಿ ಎಡದಿಂದ, ಒಂದು ಬಲದಿಂದ ಇಸಕೊಂಡು ತೆರೆದ.

"ಭದ್ರತೆ ಅಂದರೆ ಇದು," ಎಂದರು ತಜ್ಞರು.

ಒಳಗೆಲ್ಲ ಸುತ್ತಿ ಬಂದು ಮುಖದ ಬೆವರು ಒರೆಸಿಕೊಂಡರು. "ದೊರೆ ಮೊದಲು ಕಟ್ಟಿಸಿದ್ದು ತನ್ನೂರಿನ ರೈತರ ಮನೆಯಂಥದ್ದು. ಒರಟು ಕಲ್ಲು, ಇಳಿಜಾರು ಮಾಡು, ಚಳಿ ಕಾಯಿಸಲು ಗೋಡೆಯಲ್ಲೇ ಒಲೆ." ಸುರಪುರದ ಚಳಿಗೆ ಹೆದರಿದ ಏಕೈಕ ಮನುಷ್ಯ ಆ ದೊರೆಯೇ ಇರಬೇಕು. "ಆಮೇಲೆ ಹೈದರಾಬಾದಿನ ಕಂಬದ ಬಂಗಲೆಗಳನ್ನು ನೋಡಿ ಬಂದ. ರೈತನ ಮನೆಗೆ ಗ್ರೀಕರ ಗುಡಿಯ ಮುಖ ತೊಡಿಸಿದ!"

ಟೇಪು ಹಿಡಿದರು. ಎಡದ ಮೂರು ಕಂಬ, ಬಲದ ಮೂರು ಕಂಬ: ಸುತ್ತಳತೆಯಲ್ಲಿ ಕೂದಲೆಳೆಯ ಅಂತರವಿಲ್ಲ. ಉಗುರಿನಿಂದ ಗಾರೆ ಕೆರೆದು ನೋಡಿದರು. ಸಿಮೆಂಟಲ್ಲ, ಗಾಣದಲ್ಲಿ ಅರೆದ ಸುಣ್ಣದ ಗಚ್ಚು. ಬಣ್ಣ ಮಾಸಿ ಕಪ್ಪಿಟ್ಟಿತ್ತು. ಸುರಪುರದ ಬಿಸಿಲು ಎಲ್ಲದಕ್ಕೂ ವಯಸ್ಸು ಏರಿಸುತ್ತದೆ.

"ಇಂಥ ಕೆಲಸ ನಮ್ಮ ಗೌಂಡಿಗಳ ಕೈಯಲ್ಲಿ ಆಗುತ್ತದೆಯೇನಪ್ಪ? ಅಳತೆ ಎಂದರೆ ಏನೆಂದು ಗೊತ್ತಿದೆಯೇ ಇವರಿಗೆ?"

ಕರೀಮ ಬಾಯಿ ತೆರೆಯಹೋದ. ಎಡಬಲಗಳಿಂದ ನಾಲ್ಕು ಕಣ್ಣು ಅವನನ್ನು ಚುಚ್ಚಿದವು. "ಎಲ್ಲಿ ಆಗ್ತದ್ರೀ ಸಾಹೇಬ್ರ," ಎಂದ. "ಒಂದು ಬೆರಳು ಹೆಚ್ಚುಕಮ್ಮಿ ಆದ್ರ ಗೌಂಡಿ ಜೀವಾನೇ ತಗೀತಿದ್ರಂತ, ಕಟ್ಟಿಸಿದವ್ರು."

"ಅದು ಶಿಸ್ತು!"

ಎಡದಿಂದ ಚಹಾ ಬಂತು. ಬಲದಿಂದಲೂ ಚಹಾ ಬಂತು, ಜೊತೆಗೆ ಮಿರ್ಚಿ ಭಜಿ. ಮಲ್ಲಿಕಮ್ಮ ದಡಕ್ಕನೆ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಎಡದಿಂದಲೂ ಮಿರ್ಚಿ ಭಜಿ ಬಂತು. ಮನೆ ಉಳಿಸಲು ಬಂದವರಿಗೆ ಇಷ್ಟಾದರೂ ಬೇಡವೇ? ತಜ್ಞರು ಕಣ್ಣಲ್ಲಿ ನೀರು ತುಂಬಿಕೊಂಡು ಎರಡೂ ತಟ್ಟೆ ಖಾಲಿ ಮಾಡಿದರು.

ಅವರನ್ನು ಮರುಳು ಮಾಡಿದ್ದು ಬಲಗಡೆಯ ಕಿಟಕಿ. ಚೌಕಟ್ಟಿದೆ, ಕಮಾನಿದೆ, ತೆರೆಯಲು ಮಾತ್ರ ಏನೂ ಇಲ್ಲ. ಹಿಂದೆ ಗಟ್ಟಿ ಗೋಡೆ, ಗೋಡೆಯಾಚೆ ದೇವರ ಜಗಲಿ.

"ಇಲ್ಲಿ ಕಿಟಕಿ ಬೇಕಿರಲಿಲ್ಲ. ಎಡಕ್ಕೆ ಒಂದಿದೆ, ಅದಕ್ಕೇ ಬಲಕ್ಕೂ ಇರಲೇಬೇಕು! ಎಂಥ ಸಮತೋಲ! ಇಡೀ ಮುಂಭಾಗ ಒಂದೇ ಪ್ರಶಾಂತ ಮನಸ್ಸಿನ ಸೃಷ್ಟಿ."

ಶಾಂತಾದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದಳು. ಭಜಿಯ ಖಾರ ಇರಬೇಕು.

"ಒಂದೇ ಕೊರತೆ," ಎಂದು ತಜ್ಞರು ಮೇಲೆ ನೋಡಿದರು. "ಎಡಗಡೆ ಕಂಬಗಳ ಮೇಲಿನ ಅಂಚಿಗೆ ಗಚ್ಚಿನ ಕಳಸ ಇದೆ. ಬಲಗಡೆ ಇಲ್ಲ. ಸಿಡಿಲಿಗೆ ಬಿದ್ದಿರಬೇಕು. ಬಲಭಾಗ ಸ್ವಲ್ಪ ಬೋಳು ಕಾಣುತ್ತದೆ."

ಮಲ್ಲಿಕಮ್ಮ ಆ ದಿನ ಮೊದಲ ಸಲ ನಕ್ಕಳು. ಶಾಂತಾದೇವಿ ಚಹಾದ ಬಸಿಯನ್ನು ಕಟ್ಟೆಗೆ ಕುಕ್ಕಿದಳು.

ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಸಂಜೀವಕುಮಾರ ಬರೆದರು: ಮುಂಭಾಗ ಇಂಗ್ಲಿಷರ ಕಾಲದ್ದು, ಮುಟ್ಟಕೂಡದು. ಸಹಿ, ಮೊಹರು. ಒಂದು ಪ್ರತಿ ಕರೀಮನ ಕೈಗೆ.

"ಬಲಗಡೆ ಕಳಸ ಹೊಸದಾಗಿ ಕೂಡಿಸಬಹುದು. ಆದರೆ ಎಡಗಡೆಯದರಷ್ಟೇ ಎತ್ತರ ಇರಬೇಕು. ಭಾನುವಾರ ಸಮಿತಿಯವರು ಬಂದು ಅಳೆಯುತ್ತಾರೆ. ಸಮ ಇಲ್ಲದಿದ್ದರೆ ಈ ಕಾಗದಕ್ಕೆ ಕವಡೆ ಬೆಲೆಯಿಲ್ಲ. ಸೋಮವಾರ ಜೆಸಿಬಿ ಬಂದೇ ಬರುತ್ತದೆ."

ಜೀಪು ಶಹಾಪುರದ ಕಡೆ ಧೂಳೆಬ್ಬಿಸಿಕೊಂಡು ಹೋಯಿತು. ಆಮೇಲೆ ಕರೀಮ ನಡುಬಾಗಿಲಿಗೆ ಮತ್ತೆ ಎರಡೂ ಬೀಗ ಜಡಿದು, ಒಂದು ಕೀಲಿ ಎಡಕ್ಕೆ, ಒಂದು ಬಲಕ್ಕೆ ಕೊಟ್ಟ.

ಕೀಲಿ ಸೊಂಟಕ್ಕೆ ಸಿಗಿಸಿಕೊಂಡು ಶಾಂತಾದೇವಿ ಎದ್ದು ನಿಂತಳು.

"ಮನಿ ಪಾಲಾಗಿ ಇಪ್ಪತ್ತೆಂಟು ವರ್ಷ ಆತು ಕರೀಮಣ್ಣ, ಆಕಿ ಕಂಬ ನಿಲ್ಲಿಸಿದ್ರ ನಾ ಕಂಬ, ಆಕಿ ಕಿಟಕಿ ಇಡಿಸಿದ್ರ ನಾ ಕಿಟಕಿ, ಎಲ್ಲಾ ನಿನ್ನ ಕೈಲೇ ಕಟ್ಟಿಸೀನಿ, ಹೋದ ದೀಪಾವಳಿಗೆ ಆಕಿ ಏರಿಸಿದ ಕಳಸಕ್ಕಿಂತ ನಂದು ಒಂದು ಗೇಣು ಎತ್ತರ ಇರಬೇಕು, ನಾಳೆನೇ!"