ಯಾರ ಮಗಳಿಗೆ

ವಕೀಲೆ ಮೊದಲ ಪ್ರಶ್ನೆ ಕೇಳುವ ಮುಂಚೆಯೇ ಹೌನಾನಿ ಮೇಜಿನಾಚೆಗೆ ಕೈ ಚಾಚಿ, ತಾನು ದಾವೆ ಹೂಡಿದ್ದ ಮನುಷ್ಯನ ಕೈ ಹಿಡಿದು ಕಣ್ಣು ಮುಚ್ಚಿದಳು. ಪ್ರಾರ್ಥನೆ ಶುರುವಾಯಿತು. ಎಲ್ಲರ ಮಾತನ್ನೂ ಟೈಪು ಮಾಡಿಕೊಳ್ಳಲು ಬಂದಿದ್ದ ಹೆಂಗಸು, ದೇವರ ಹೆಸರನ್ನೂ ಬರೆದುಕೊಳ್ಳಬೇಕೇ ಎಂದು ಕಣ್ಣಲ್ಲೇ ಕೇಳಿದಳು.

"ಆಂಟಿ, ಕೈ ಬಿಡಿ," ವಕೀಲೆ ಮೆಡೆರೋಸ್ ಪಿಸುಗುಟ್ಟಿದಳು. "ಇಲ್ಲಿ ಆಡಿದ್ದೆಲ್ಲ ಕೋರ್ಟಿಗೆ ಹೋಗುತ್ತೆ. ಅವನು ನಮ್ಮ ಎದುರಾಳಿ."

"ಎದುರಾಳಿ ಅಂತಾನೇ ಹಿಡಿದಿರೋದು. ನೆಂಟರ ಕೈ ಯಾವಾಗ ಬೇಕಾದ್ರೂ ಹಿಡೀಬಹುದು." ಹೌನಾನಿ ಪ್ರಾರ್ಥನೆ ಪೂರ್ತಿ ಮುಗಿಸಿಯೇ ಕೈ ಬಿಟ್ಟಳು.

ಹವಾಯಿಯ ಹಳಬರು ಜಗಳ ಬಗೆಹರಿಸುವುದು ಹೀಗೇ. ಇಬ್ಬರನ್ನೂ ಎದುರುಬದುರು ಕೂರಿಸಿ, ದೇವರನ್ನು ನೆನೆದು, ತಪ್ಪು ಮಾಡಿದವನ ಬಾಯಿಂದಲೇ ತಪ್ಪನ್ನು ಹೊರಡಿಸುತ್ತಾರೆ. ಅವನು 'ಕ್ಷಮಿಸಿ' ಅಂದರೆ ನೊಂದವರು 'ಕ್ಷಮಿಸಿದೆ' ಅನ್ನಲೇಬೇಕು. ಅಲ್ಲಿಗೆ ಗಂಟು ಬಿಚ್ಚಿತು. ಆಮೇಲೆ ಆ ಮಾತು ಎತ್ತುವ ಹಾಗಿಲ್ಲ. ಹಿಲೋ ಪೇಟೆಯಲ್ಲೇ ಬೆಳೆದ ಮೆಡೆರೋಸಳಿಗೆ ಇದು ಗೊತ್ತು. ಗೊತ್ತಿದ್ದದ್ದಕ್ಕೇ ಅವಳು ಕೈ ಬಿಡಿಸಲು ನೋಡಿದ್ದು. 'ಕ್ಷಮಿಸಿದೆ' ಅನ್ನುವ ಒಂದು ಮಾತು ಕಾಗದದ ಮೇಲೆ ಬಿದ್ದರೆ ದಾವೆಯ ಸೊಂಟ ಮುರಿದಂತೆ. ಆಗ ಪರಿಹಾರದ ದುಡ್ಡೂ ಇಲ್ಲ, ಹೌನಾನಿಯ ಮೊಮ್ಮಗಳು ನೋಹೆಯಾಳಿಗೆ ಮಾತು ಕಲಿಸುವ ಟೀಚರೂ ಇಲ್ಲ. ತಾಯಿ ಬಸುರಿಯಾಗಿದ್ದಾಗ ಸೇದಿದ ಐಸ್ ಎಂಬ ಮಾದಕ ಹರಳು ಆ ಮಗುವಿನ ಮೈಗೂ ಇಳಿದಿತ್ತು. ಈಗ ಐದು ವರ್ಷ. ಬರುವುದು ಹನ್ನೊಂದು ಮಾತು. ಹನ್ನೊಂದನ್ನೂ ಆ ಟೀಚರು ಬಂದಮೇಲೇ ಕಲಿತದ್ದು.

"ಆ ಮಗು ಹೊಟ್ಟೇಲಿದ್ದ ವರ್ಷ ಈ ಜಿಲ್ಲೆಯಲ್ಲಿ ನೀವು ಐಸ್ ಮಾರ್ತಿದ್ರಾ?" ಮೆಡೆರೋಸ್ ಕೇಳಿದಳು.

"ಮಾರ್ತಿದ್ದೆ. ಅದಕ್ಕೇ ಅಲ್ವಾ ನಾಲ್ಕು ವರ್ಷ ಒಳಗಿದ್ದು ಬಂದಿದ್ದು," ಅಂದ ಕವೋಹಿ. ಮೂವತ್ತರ ಮೇಲೆ ವಯಸ್ಸು, ಪಪ್ಪಾಯಿ ತೋಟದಿಂದ ನೇರ ಬಂದಿದ್ದ. ಉಗುರಿನ ಸಂದಿಯಲ್ಲಿ ಮಣ್ಣು. ವಕೀಲರನ್ನು ಇಟ್ಟುಕೊಂಡಿರಲಿಲ್ಲ.

"ನನಗಿಷ್ಟು ಸಾಕು," ಎಂದು ಮೆಡೆರೋಸ್ ಕಡತ ಮುಚ್ಚಿದಳು.

"ಸಾಕಾ? ನನ್ನ ಮಗಳ ಹೆಸರೇ ಎತ್ತಲಿಲ್ಲ ನೀನು!" ಹೌನಾನಿ ಕವೋಹಿಯ ಕಡೆ ತಿರುಗಿದಳು. "ಹೇಳು ಮಗಾ. ನಮ್ಮ ಇವಾಲಾನಿಗೆ ಮೊದಲನೇ ಸಲ ಎಲ್ಲಿ ಕೊಟ್ಟೆ?"

"ನಿಮ್ಮ ಮಗಳನ್ನ ನಾನು ನೋಡೇ ಇಲ್ಲ ಆಂಟಿ."

ಹೌನಾನಿ ಅವನನ್ನು ನೋಡಿದಳು, ವಕೀಲೆಯನ್ನು ನೋಡಿದಳು. "ಯಾರನ್ನೋ ಹಿಡ್ಕೊಂಡು ಬಂದಿದ್ದೀಯಲ್ಲೇ!"

"ಯಾರನ್ನೋ ಅಲ್ಲ ಆಂಟಿ. ನಿಮ್ಮ ಮಗಳ ಕೈಗೆ ಕೊಟ್ಟೋನು ಇಂಥವನೇ ಅಂತ ಸಾಬೀತು ಮಾಡೋಕೆ ಯಾರಿಂದ ಆಗುತ್ತೆ? ಅದಕ್ಕೇ ಕಾನೂನು ಹೀಗಿದೆ. ಅದೇ ಮಾಲು, ಅದೇ ಊರು, ಅದೇ ಕಾಲ. ಮಾರಿದ್ದ ಅಂತಾದ್ರೆ ಅವನೂ ಹೊಣೆ. ಹೋದ ತಿಂಗಳೇ ಹೇಳಿದ್ದೆ, ನೀವು ಹೂಂ ಅಂದಿದ್ರಿ."

"ವಕೀಲರು ಹೇಳಿದ್ದಕ್ಕೆಲ್ಲ ನಾನು ಹೂಂ ಅಂತೀನಿ. ಅಂದ್ರೆ, ಒಂದು ನಾಯಿ ಕಚ್ಚಿದ್ರೆ ಬೀದೀಲಿರೋ ಯಾವ ನಾಯಿಗೆ ಬೇಕಾದ್ರೂ ಸರಪಳಿ ಹಾಕಬಹುದಾ?"

"ಕಚ್ಚೋ ನಾಯಿ ಆಗಿದ್ರೆ ಹಾಕಬಹುದು ಆಂಟಿ," ಅಂದ ಕವೋಹಿ. ನಗಲು ನೋಡಿದ, ಆಗಲಿಲ್ಲ. "ನಾನು ಕಚ್ಚಿದೋಳು ಬೇರೆ. ಅವಳಿಗೂ ಹೊಟ್ಟೆ ಮುಂದೆ ಬಂದಿತ್ತು. ಕಣ್ಣಾರೆ ನೋಡಿದ್ದೆ. ನೋಡಿಯೂ ಕೊಟ್ಟೆ. ಅವಳ ಕಡೆಯೋರು ಬೈಯೋಕೆ ಬರ್ತಾರೆ ಅಂತ ಜೈಲಲ್ಲಿ ಕಾದೆ, ಆಚೆ ಬಂದಮೇಲೂ ಕಾದೆ. ಯಾರೂ ಬರಲಿಲ್ಲ. ನೀವು ಬಂದ್ರಿ."

ಟೈಪು ಮಾಡುವವಳ ಬೆರಳು ನಿಂತವು. ಮೆಡೆರೋಸ್ ದುರುಗುಟ್ಟಿ ನೋಡಿದ ಮೇಲೆ ಮತ್ತೆ ಓಡಿದವು.

"ಅಪ್ಪನ ಕಾಲದ ತೋಟ ಒಂದಿದೆ, ನಿಮ್ಮ ಮೊಮ್ಮಗಳ ಹೆಸರಿಗೆ ಬರ್ಕೊಳ್ಳಿ, ನಾನು ತಕರಾರು ಮಾಡಲ್ಲ. ಆದ್ರೆ ದೇವರನ್ನ ಕರೆದೋರು ನೀವು, ನಾನಲ್ಲ. ಕರೆದಮೇಲೆ ಕೇಳ್ಬೇಕಲ್ಲ, ಕೇಳ್ತೀನಿ." ಅವನು ಎದ್ದು ನಿಂತು ತಲೆ ತಗ್ಗಿಸಿದ. "ಕ್ಷಮಿಸಿ ಆಂಟಿ."

"ಉತ್ತರ ಕೊಡಬೇಡಿ," ಮೆಡೆರೋಸ್ ಅವಳ ತೋಳು ಒತ್ತಿದಳು.

ಐದು ವರ್ಷದಿಂದ ಹೌನಾನಿ ಪಾತ್ರೆ ತೊಳೆಯುವಾಗ, ಮಗುವಿನ ತಲೆ ಬಾಚುವಾಗ ಒಬ್ಬನಿಗೆ ಮನಸಾರೆ ಶಾಪ ಹಾಕುತ್ತ ಬಂದಿದ್ದಳು. ಹಾಕಿ ಹಾಕಿ ಸುಸ್ತಾಗಿ, ಇವತ್ತು ಅವನನ್ನು ಕ್ಷಮಿಸಿ ಹಗುರಾಗೋಣ ಎಂದು ಬೆಳಿಗ್ಗೆ ಸ್ನಾನ ಮಾಡಿ ಬಂದಿದ್ದಳು. ಇವನು ಅವನಲ್ಲವಂತೆ. ಅಲ್ಲದಿದ್ದರೂ ಹೊಣೆಯಂತೆ. ಮಗಳಿಗೆ ಕೊಟ್ಟವನು ಈ ಊರಲ್ಲೇ ಎಲ್ಲೋ ಮೀನು ಕೊಳ್ಳುತ್ತಲೋ, ಇಗರ್ಜಿಯ ಹಿಂದಿನ ಬೆಂಚಿನಲ್ಲಿ ಕೂತೋ ಇದ್ದಾನು. ಕ್ಷಮೆ ಕೇಳಿದವನಿಗೆ ಇಲ್ಲ ಅಂದರೆ ಗಂಟು ತನ್ನ ಕೊರಳಿಗೇ ಬೀಳುತ್ತದೆ. ಹೂಂ ಅಂದರೆ, ಯಾರೋ ಒಬ್ಬ ತಾಯಿಗೆ ಸೇರಬೇಕಾದ ಮಾತನ್ನು ತಾನು ಕದ್ದು ಖರ್ಚು ಮಾಡಿದಂತೆ.

"ಕೂತ್ಕೋ ಮಗಾ," ಅಂದಳು ಕೊನೆಗೆ. "ತೋಟ ತಗೋತೀನಿ. ಮಗು ಮಾತು ಕಲೀಬೇಕು, ಬೇಡ ಅನ್ನೋಷ್ಟು ದೊಡ್ಡೋಳಲ್ಲ ನಾನು. ಆದ್ರೆ ಕ್ಷಮೆ ಎಲ್ಲಿಂದ ತರ್ಲಿ? ನನಗೆ ನೀನು ಏನೂ ಮಾಡೇ ಇಲ್ಲವಲ್ಲ!"