ಎಂಟು ಮಿಲಿಮೀಟರ್

ಹಣಮೇಶನ ಕಾರಿನ ಗಾಳಿಯ ಪೈಪು ಕಳಚಿ, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯ ಬಾಯಿಯೊಳಗೆ ಶರಣಕುಮಾರ ಅಳತೆಯ ವರ್ನಿಯರ್ ಇಟ್ಟು ನೋಡಿದ. ಅರವತ್ತು ಮಿಲಿಮೀಟರ್. ಶರಣಕುಮಾರನ ಕಾರಿಗೆ ಮಾತ್ರ ಐವತ್ತೆರಡು ಸಾಕೆಂದು ಗೊಲ್ಲಾಳಪ್ಪ ಮಿಸ್ತ್ರಿ ಮೂರು ದಿನದಿಂದ ಹಟ ಹಿಡಿದಿದ್ದ. ಭಾನುವಾರ ಶಹಾಪುರದ ಮಣ್ಣಿನ ರೇಸಿನಲ್ಲಿ ಶರಣಕುಮಾರನೂ ಹಣಮೇಶನೂ ಎದುರಾಬದುರು. ಇಬ್ಬರ ಎಂಜಿನ್ನೂ ತಯಾರಾಗಿದ್ದು ಸುರಪುರದ ಇದೇ ಗ್ಯಾರೇಜಿನಲ್ಲಿ.

"ಮಂದಿ ಗಾಡಿ ಬಾಯಿ ಅಳಿಯೂದು ಮುಗೀತೇನ್ರಿ?" ಮಿಸ್ತ್ರಿ ಚಹಾ ಹಿಡಿದು ಹಿಂದೆಯೇ ನಿಂತಿದ್ದ.

"ಅವಗ ದೊಡ್ಡದು, ನನಗ ಸಣ್ಣದು. ಎಷ್ಟ ದಿನದಿಂದ ನಡದದ್ರಿ ಈ ಆಟ?"

ಮಿಸ್ತ್ರಿ ಚಹಾದ ಲೋಟ ಕೆಳಗಿಟ್ಟ. ಪೈಪನ್ನು ಮೊದಲಿನಂತೆ ಕೂಡಿಸಿ, ಹಣಮೇಶನ ಕಾರಿನ ಕೀಲಿ ಚಾಚಿದ. "ಅಂಗಳದಾಗ ಒಂದ ಸುತ್ತ ಹೊಡದ ಬರ್ರಿ."

ಪೆಡಲ್ ತುಸು ಒತ್ತಿದ್ದೇ ತಡ, ಕಾರು ಕಪ್ಪೆಯಂತೆ ಹಾರಿತು. ತಿರುವಿನಲ್ಲಿ ಕಾಲು ಹಗುರ ಮಾಡಿದರೆ ಮುಗ್ಗರಿಸಿತು. ಪೆಡಲ್ ಅರ್ಧ ಇಳಿದ ಮೇಲೆ ಉಳಿದರ್ಧಕ್ಕೆ ಕೊಡಲು ಅದರಲ್ಲಿ ಏನೂ ಉಳಿದಿರಲಿಲ್ಲ. ಶರಣಕುಮಾರ ಕಾರು ನಿಲ್ಲಿಸಿ ಇಳಿದ.

ಮಿಸ್ತ್ರಿ ಹಲಗೆಯ ಮೇಲಿಂದ ಪೇಪರಿನ ಪೊಟ್ಟಣವೊಂದನ್ನು ತೆಗೆದ. ಅದರ ಮೇಲೆ ಪೆನ್ಸಿಲ್ಲಿನಲ್ಲಿ 'ಹಣಮೇಶ, ೫೨' ಎಂದಿತ್ತು. ಕಟ್ಟಿದ ದಾರ ಕಟ್ಟಿದಂತೆಯೇ ಇತ್ತು.

"ಈ ಎಂಜಿನ್ನಿಗೆ ಇದೇ ಸರಿ ಅಂತ ಅವರಿಗೂ ಇದನ್ನ ತೆಗೆದಿಟ್ಟಿದ್ದೆ. ಬ್ಯಾಡ, ದೊಡ್ಡದ ಬೇಕು ಅಂದ್ರು. ದೊಡ್ಡದನ್ನ ನಿಮಗ ಮುಚ್ಚಿ ಇಟ್ಟೀನಿ ಅಂತ ಅನುಮಾನ ಅವರಿಗೆ."

ಶರಣಕುಮಾರ ದಾರ ಬಿಚ್ಚಿದ. ಅಳೆಯಲೆಂದು ವರ್ನಿಯರ್ ಎತ್ತಿದವನು ಒಂದು ಕ್ಷಣ ತಡೆದ. ಆಮೇಲೆ ಅಳೆಯದೆಯೇ ವರ್ನಿಯರನ್ನು ಮಿಸ್ತ್ರಿಯ ಕೈಗೇ ಕೊಟ್ಟ.